ಅಂತರ್ಜಲ ಸಮೀಕ್ಷೆ, ಭಾಗ ನಾಲ್ಕು

ತೆಂಗಿನಕಾಯಿ ಮಲಗಿದ ಹಾಗೇ ಮಲಗಿದ್ದರೆ ಯಾರಿಗೂ ಏನೂ ತೊಂದರೆ ಇರಲಿಲ್ಲ. ಅದು ಎದ್ದು ನಿಂತಿತು. ಅದೂ ಎಲ್ಲಿ? ಚಾಮರಾಜಪೇಟೆಯ ಬಂಡಿಮನೆ ಓಣಿಯಲ್ಲಿ ಅಷ್ಟೊಂದು ಮನೆಗಳಿದ್ದರೂ ಅವೆಲ್ಲವನ್ನೂ ಬಿಟ್ಟು, ಮಲ್ಲಿಕಾರ್ಜುನಯ್ಯನವರ ಹೊಸ ಜಗಲಿಯ ಮೇಲೆ, ಹೊಸ ಉಯ್ಯಾಲೆಯ ಪಕ್ಕದಲ್ಲಿ.

ಕಾಯಿ ಇದ್ದದ್ದು ಶೀನಣ್ಣನ ಅಂಗೈ ಮೇಲೆ. ಓಕಳಿಪುರದ ಈ ಶೀನಣ್ಣ ನೀರು ನೋಡುವವನು. ಕಾಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಬರಿಗಾಲಲ್ಲಿ ನಡೆಯುತ್ತಾನೆ. ನೆಲದಡಿ ನೀರಿದ್ದರೆ ಕಾಯಿ ತಾನಾಗಿ ನೆಟ್ಟಗೆ ನಿಲ್ಲುತ್ತದೆ ಎಂದು ಅವನ ಮಾತು. ಓಣಿಯ ಕೊಳವೆಬಾವಿ ಬತ್ತಿ ಎರಡು ತಿಂಗಳಾಗಿತ್ತು. ಟ್ಯಾಂಕರಿನವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹೀಗಾಗಿ ಇಡೀ ಓಣಿ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಅವನ ಹಿಂದೆ ಮೆರವಣಿಗೆ ಹೊರಟಿತ್ತು.

"ಇಲ್ಲೇ ಸಾರ್," ಎಂದ ಶೀನಣ್ಣ, ಉಯ್ಯಾಲೆಯನ್ನು ಮೊಣಕಾಲಿನಿಂದ ಪಕ್ಕಕ್ಕೆ ತಳ್ಳುತ್ತ. "ನೋಡಿ, ಹೆಂಗ್ ನಿಂತಿದೆ. ಇನ್ನೊಂಚೂರು ಹೊತ್ತು ಬಿಟ್ರೆ ಸಲ್ಯೂಟ್ ಹೊಡೆಯುತ್ತೆ."

ಮಲ್ಲಿಕಾರ್ಜುನಯ್ಯ ಉಯ್ಯಾಲೆಯ ಸರಪಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಳೇಪೇಟೆಯಲ್ಲಿ ಅವರ ತಂದೆಯ ಕಾಲದಿಂದಲೂ ಇದ್ದ ಬಳೆ ಅಂಗಡಿಯನ್ನು ಹೋದ ವರ್ಷ ಮುಚ್ಚಿದಾಗ ಅವರು ಮನೆಗೆ ತಂದದ್ದು ಒಂದೇ ಒಂದು ವಸ್ತು. ಅಪ್ಪ ಐವತ್ತು ವರ್ಷ ಕೂತು ಊರ ಹೆಣ್ಣುಮಕ್ಕಳಿಗೆಲ್ಲ ಬಳೆ ತೊಡಿಸಿದ ತೇಗದ ಹಲಗೆ. ಅದಕ್ಕೆ ಹಿತ್ತಾಳೆ ಸರಪಳಿ ಹಾಕಿಸಿ, ಅದನ್ನು ತೂಗುಹಾಕುವುದಕ್ಕೆಂದೇ ಜಗಲಿ ಕಟ್ಟಿಸಿ, ಜಗಲಿಗೆ ಮಾಡು ಹೊದಿಸಿ, ಕೊನೆಗೂ ಅರವತ್ತೆರಡನೇ ವಯಸ್ಸಿನಲ್ಲಿ ಕಾಲು ನೀಡಿ ಕೂತಿದ್ದರು. ಕೂತು ಇವತ್ತಿಗೆ ಹನ್ನೊಂದನೇ ದಿನ.

"ಸಂಜೆ ಐದಕ್ಕೆ ಬೋರ್ ಲಾರಿ ಬರುತ್ತೆ ಮಲ್ಲಯ್ಯನೋರೆ," ಎಂದ ಅಂಜನಪ್ಪ. ಓಣಿಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಇವನೇ ಅಧ್ಯಕ್ಷ. ಸೈಟು ಕೊಡಿಸುವುದು ಕಸುಬು, ಊರ ಉಸಾಬರಿ ಹವ್ಯಾಸ. ಎದುರು ಸಾಲಿನಲ್ಲಿ ಮೂರು ಕಾರು ನಿಲ್ಲುವಷ್ಟು ಅಂಗಳವಿರುವ ಗ್ರಾನೈಟು ಮನೆ ಅವನದು. "ಕಾಂಪೌಂಡು, ಈ ಮಾಡು, ಈ ಉಯ್ಯಾಲೆ, ಇಷ್ಟೇ ಹೋಗೋದು. ಮನೆಗೇನೂ ಆಗಲ್ಲ."

"ಇಷ್ಟೇನಾ? ನನ್ನನ್ನೂ ಸೇರಿಸ್ಕೊಂಡು ಕೊರೆದ್ಬಿಡಿ."

"ಠರಾವು ತಂದೋರು ನೀವೇ ಅಲ್ವಾ ಸ್ವಾಮಿ?"

ಅದೂ ನಿಜವೇ. ಯಾರ ಅಂಗಳದಲ್ಲಿ ನೀರಿದೆಯೋ ಅವರು ತಕರಾರಿಲ್ಲದೆ ಜಾಗ ಬಿಟ್ಟುಕೊಡಬೇಕು ಎಂಬ ಠರಾವನ್ನು ಸಂಘದಲ್ಲಿ ಮಂಡಿಸಿದ್ದು ಸಾಕ್ಷಾತ್ ಮಲ್ಲಿಕಾರ್ಜುನಯ್ಯನವರೇ. ಅಷ್ಟಗಲ ಅಂಗಳ ಇಟ್ಟುಕೊಂಡಿರುವ ಅಂಜನಪ್ಪನ ಮನೆಯಲ್ಲೇ ನೀರು ಬಿದ್ದು, ಅವನ ಗ್ರಾನೈಟೆಲ್ಲ ಒಡೆಯಲಿ ಎಂಬ ಸದುದ್ದೇಶ ಅದರ ಹಿಂದಿತ್ತು. ಮಾಡಿದ್ದುಣ್ಣೋ ಮಹಾರಾಯ.

ಅಷ್ಟರಲ್ಲಿ ಕೊರಿಯರಿನವನೊಬ್ಬ ಗುಂಪು ಸೀಳಿಕೊಂಡು ಬಂದು, "ಅಂಜನಪ್ಪ ಅಂದ್ರೆ ನೀವೇನಾ ಸಾರ್?" ಎಂದು ಮಲ್ಲಿಕಾರ್ಜುನಯ್ಯನವರ ಕೈಗೆ ಡಬ್ಬಿ ತುರುಕಿದ.

"ಅಲ್ಲಾ ಕಣಯ್ಯಾ! ವಾರಕ್ಕೆ ಮೂರು ಸಲ ಇದೇ ಗೋಳು. ಕಂಬದ ಮೇಲಿನ ಕಲ್ಲು ನೋಡ್ಬೇಡ, ಅದು ಹಳೇ ನಂಬರು, ನಮ್ಮಪ್ಪ ಕೆತ್ತಿಸಿದ್ದು. ಅದರ ಕೆಳಗಿನ ತಗಡು ನೋಡು. ಅದು ಹೊಸಾದು."

"ಕಲ್ಲೇ ದೊಡ್ಡದಾಗಿ ಕಾಣುತ್ತಲ್ಲಾ ಸಾರ್," ಎಂದು ಗೊಣಗುತ್ತ ಅವನು ಡಬ್ಬಿಯನ್ನು ಅಂಜನಪ್ಪನಿಗೆ ಕೊಟ್ಟು ಹೋದ.

ಮಲ್ಲಿಕಾರ್ಜುನಯ್ಯ ಅಂಜನಪ್ಪನ ಕಡೆ ತಿರುಗಿದರು. ಸಿಟ್ಟಿಗೆ ಈಗ ಇನ್ನೊಂದು ಕಾರಣ ಸಿಕ್ಕಿತ್ತು. "ಒಂದು ತೆಂಗಿನಕಾಯಿ ಮಾತು ಕೇಳ್ಕೊಂಡು ಮನೆ ಒಡೀತೀರೇನ್ರೀ? ಸೈನ್ಸ್ ಅಂತ ಒಂದಿಲ್ವಾ ಈ ದೇಶದಲ್ಲಿ?"

"ಇದ್ರೆ ತನ್ನಿ," ಎಂದ ಅಂಜನಪ್ಪ, ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು. "ಆದ್ರೆ ಗೌರ್ಮೆಂಟ್ ಪುಸ್ತಕ ಆಗಿರ್ಬೇಕು. ಸೀಲು ಇರ್ಬೇಕು. ಮೊಬೈಲಲ್ಲಿ ಫೋಟೋ ತೋರಿಸಿದ್ರೆ ನಾನು ಒಪ್ಪಲ್ಲ, ಈಗಿನ ಕಾಲದಲ್ಲಿ ಕಂಪ್ಯೂಟರು ಕತ್ತೇನೂ ಕುದುರೆ ಮಾಡುತ್ತೆ. ಐದು ಗಂಟೆ ಒಳಗೆ."

ಆಗ ಬಾಯಿ ಹಾಕಿದವರು ಎದುರುಮನೆ ತಿಮ್ಮಕ್ಕ. ಓಣಿಗೆಲ್ಲ ಹಿರಿಯ ಜೀವ. ಹಲ್ಲಿಲ್ಲ, ಆದರೆ ನೆನಪಿನಲ್ಲಿ ಒಂದು ಕಾಳೂ ಉದುರಿಲ್ಲ.

"ಗೌರ್ಮೆಂಟ್ನೋರು ಬಂದಿದ್ರು ಕಣೋ ಮಲ್ಲಿ. ಎಪ್ಪತ್ತೊಂದನೇ ಇಸವಿ. ನಾನು ಮದುವೆಯಾಗಿ ಬಂದು ಎರಡನೇ ವರ್ಷ. ಜೀಪಲ್ಲಿ ಬಂದು, ನೆಲಕ್ಕೆ ಮೊಳೆ ಹೊಡೆದು, ತಂತಿ ಎಳೆದು ಅಳೆದ್ರು. ನೀರು ಎಲ್ಲಿದೆ ಅಂತ ಪುಸ್ತಕ ಮಾಡ್ತೀವಿ ಅಂದ್ರು. ಆಗ ನಿಮ್ಮಮ್ಮ ಅವರಿಗೆ..."

"ಪುಸ್ತಕಾನಾ!" ಮಲ್ಲಿಕಾರ್ಜುನಯ್ಯ ಚಪ್ಪಲಿ ಹುಡುಕತೊಡಗಿದರು.

"ಅಯ್ಯೋ, ಪೂರ್ತಿ ಕೇಳ್ಕೊಂಡು ಹೋಗೋ..."

"ಬಂದು ಕೇಳ್ತೀನಿ ತಿಮ್ಮಕ್ಕಾ!"

"ತಿಂಡಿ?" ಎಂದರು ಹೆಂಡತಿ ಶೈಲಜಮ್ಮ ಬಾಗಿಲಿಂದ.

"ನೀನು ಆ ಉಯ್ಯಾಲೆ ಮೇಲೆ ಕೂತಿರು. ಯಾರು ಬಂದ್ರೂ ಏಳ್ಬೇಡ!" ಎನ್ನುತ್ತ ಅವರು ಆಟೋ ಹತ್ತಿಯಾಗಿತ್ತು.

ಅವರು ಹೋದ ಲೈಬ್ರರಿ ಯಾವುದೆಂದು ನಾನು ಹೇಳುವುದಿಲ್ಲ. ಹೇಳಿದರೆ ದಾಸಪ್ಪನ ಪಿಂಚಣಿಗೆ ಸಂಚಕಾರ. ಬಸವನಗುಡಿ ಕಡೆ ಇಂಥವು ಒಂದೆರಡಿವೆ, ಅದರಲ್ಲೊಂದು ಎಂದಿಟ್ಟುಕೊಳ್ಳಿ. ಕೆಳಗಿನ ಹಾಲಿನಲ್ಲಿ ಹತ್ತು ಹದಿನೈದು ಮಂದಿ ನಿವೃತ್ತರು ಪತ್ರಿಕೆ ಹಿಡಿದು ಕೂತಿದ್ದರು. ಕೆಲವರು ಓದುತ್ತಿದ್ದರು, ಕೆಲವರು ಪತ್ರಿಕೆಯ ಮರೆಯಲ್ಲಿ ನಿದ್ದೆ ಮಾಡುತ್ತಿದ್ದರು. ಕೌಂಟರಿನ ಹಿಂದೆ ಅಟೆಂಡರ್ ದಾಸಪ್ಪ ಎತ್ತರದ ಕುರ್ಚಿಯಲ್ಲಿ ಗಣಪತಿಯ ಹಾಗೆ ವಿರಾಜಮಾನನಾಗಿದ್ದ.

"ಸರ್ಕಾರದ ವಿಜ್ಞಾನದ ಪುಸ್ತಕ ನೋಡ್ಬೇಕಿತ್ತು," ಎಂದರು ಮಲ್ಲಿಕಾರ್ಜುನಯ್ಯ.

ದಾಸಪ್ಪ ತಲೆಯೆತ್ತದೆ ಒಂದು ದಪ್ಪ ರಿಜಿಸ್ಟರನ್ನು ಮುಂದೆ ತಳ್ಳಿದ. ಮೇಲೆ 'ಸರ್ಕಾರಿ ಪ್ರಕಟಣೆಗಳ ವಿಭಾಗ: ವಿಜ್ಞಾನ, ಗಣಿತ, ತಂತ್ರಜ್ಞಾನ' ಎಂದಿತ್ತು. "ಸೈನ್ ಮಾಡಿ."

ಮಲ್ಲಿಕಾರ್ಜುನಯ್ಯ ಪುಟ ತಿರುವಿ ದಂಗಾದರು. ದಿನಕ್ಕೆ ಮೂವತ್ತೆಂಟು ಓದುಗರು! 'ಭೇಟಿಯ ಉದ್ದೇಶ' ಎಂಬ ಅಂಕಣದಲ್ಲಿ ಮೊದಲಿನವರು 'ಜ್ಞಾನಾರ್ಜನೆ' ಎಂದು ಬರೆದಿದ್ದರು. ಕೆಳಗಿನವರೆಲ್ಲ ಎರಡೆರಡು ಚುಕ್ಕೆ ಇಟ್ಟು ಕೈತೊಳೆದುಕೊಂಡಿದ್ದರು. ನಮ್ಮ ಜನ ಇಷ್ಟೊಂದು ಸೈನ್ಸ್ ಓದುತ್ತಾರಾ, ನಾನೊಬ್ಬನೇ ಬಳೆ ಮಾರಿಕೊಂಡು ದಡ್ಡನಾಗಿ ಉಳಿದೆನಾ ಎಂದು ಅವರಿಗೆ ನಾಚಿಕೆಯಾಯಿತು. ಸಹಿ ಮಾಡಿ ಪೆನ್ನು ವಾಪಸ್ ಕೊಟ್ಟರು.

"ಆಯ್ತು, ಹೋಗ್ಬನ್ನಿ," ಎಂದ ದಾಸಪ್ಪ.

"ಎಲ್ಲಿಗೆ? ರೂಮು ಎಲ್ಲಿದೆ?"

ದಾಸಪ್ಪ ಮೊದಲ ಸಲ ತಲೆಯೆತ್ತಿದ. "ರೂಮಾ? ಯಾಕೆ?"

"ಒಳಗೆ ಹೋಗೋಕೆ."

"ಸೈನ್ ಮಾಡಿದ್ರಲ್ಲಾ, ಸಾಕು."

"ಸೈನ್ ಮಾಡಿದ್ದು ಓದೋಕೆ ಕಣ್ರೀ!"

ಹಾಲಿನಲ್ಲಿ ಪತ್ರಿಕೆಗಳೆಲ್ಲ ಒಮ್ಮೆಲೇ ಕೆಳಗಿಳಿದವು. ನಿದ್ದೆ ಮಾಡುತ್ತಿದ್ದವರೂ ಎಚ್ಚರಗೊಂಡರು. ಕೆಂಪು ಮಫ್ಲರಿನ ಹಿರಿಯರೊಬ್ಬರು ಎದ್ದು ಬಂದು ಮಲ್ಲಿಕಾರ್ಜುನಯ್ಯನವರ ತೋಳು ಹಿಡಿದು ಮೂಲೆಗೆ ಕರೆದೊಯ್ದರು.

"ನೋಡಿ ಸ್ವಾಮಿ, ನೀವು ಹೊಸಬರು. ಆ ರೂಮಿಗೆ ಯಾರೂ ಬರಲ್ಲ ಅಂತ ಮುಚ್ಚೋಕೆ ಹೊರಟಿದ್ರು. ಮುಚ್ಚಿದ್ರೆ ದಾಸಪ್ಪನಿಗೆ ವರ್ಗ ಆಗುತ್ತೆ. ದಾಸಪ್ಪ ಹೋದ್ರೆ ನಮಗೆ ಬೆಳಿಗ್ಗೆ ಏಳೂವರೆಗೆ ಬಾಗಿಲು ತೆಗೆಯೋರು ಯಾರು? ಅದಕ್ಕೆ ನಾವೆಲ್ಲಾ ದಿನಾ ಒಂದೊಂದು ಸೈನ್ ಹಾಕ್ತೀವಿ. ಮನೇಲಿ ಹೆಂಡ್ತಿ ಹೆಸರು, ಸೊಸೆ ಹೆಸರೂ ಸೇರಿಸಿ ಹಾಕ್ತೀವಿ. ಹನ್ನೊಂದು ವರ್ಷದಿಂದ ನಡ್ಕೊಂಡ್ ಬಂದಿದೆ. ನೀವು ಬಂದು ಓದ್ತೀನಿ ಅಂತ ಹಟ ಹಿಡಿದ್ರೆ ಹೆಂಗೆ?"

"ಸಂಜೆ ಐದಕ್ಕೆ ನನ್ನ ಉಯ್ಯಾಲೆ ಹೋಗುತ್ತೆ ಸ್ವಾಮಿ!" ಎಂದು ಮಲ್ಲಿಕಾರ್ಜುನಯ್ಯ ಕೂಗಿಬಿಟ್ಟರು.

ಕೂಗು ಕೇಳಿ ಒಳಗಿನ ಕೋಣೆಯಿಂದ ಬಂದವಳು ಹೇಮಶ್ರೀ, ಹೊಸ ಗ್ರಂಥಪಾಲಕಿ. ಬಂದು ಮೂರೇ ವಾರ. ರಿಜಿಸ್ಟರಿನ ಮೂವತ್ತೆಂಟನ್ನು ನಂಬಿ, ಪಾಪ, ಓದುಗರು ನಿಂತು ಓದುವಂತಾಗಬಾರದೆಂದು ಮೇಲಿನ ಕಚೇರಿಗೆ ಬರೆದು ನಲವತ್ತು ಹೊಸ ಕುರ್ಚಿ ತರಿಸಿದ್ದಳು. ಅವೆಲ್ಲ ಕಾರಿಡಾರಿನಲ್ಲಿ ಒಂದರ ಮೇಲೊಂದು ಏರಿ ಕೂತಿದ್ದವು.

"ಏನಾಯ್ತು? ಯಾಕೆ ಇವರನ್ನ ಒಳಗೆ ಬಿಡ್ತಿಲ್ಲ?"

"ಕೀ ಸ್ವಲ್ಪ ಕಳೆದಿದೆ ಮೇಡಂ," ಎಂದ ದಾಸಪ್ಪ.

"ಸ್ವಲ್ಪ ಅಂದ್ರೆ? ಯಾವತ್ತಿಂದ?"

ದಾಸಪ್ಪ ಬೆರಳು ಮಡಚುತ್ತ ಲೆಕ್ಕ ಹಾಕಿದ. ಎರಡೂ ಕೈಯ ಬೆರಳು ಮುಗಿದು ಮತ್ತೆ ಒಂದನ್ನು ಮಡಚಿದಾಗ ಹೇಮಶ್ರೀಯ ಮುಖ ಕೆಂಪಾಯಿತು. ಅವಳು ಸೀದಾ ಹಿತ್ತಲಿಗೆ ಹೋಗಿ ಒರಳುಗಲ್ಲಿನ ಗುಂಡೊಂದನ್ನು ಎತ್ತಿಕೊಂಡು ಬಂದಳು. ಸರ್ಕಾರಿ ಗ್ರಂಥಾಲಯದಲ್ಲಿ ಅದು ಯಾಕಿತ್ತು ಎಂದು ಕೇಳಬೇಡಿ, ದಾಸಪ್ಪ ಮಧ್ಯಾಹ್ನಕ್ಕೆ ಚಟ್ನಿ ಅರೆಯುತ್ತಿದ್ದ. ಮಹಡಿ ಮೇಲಿನ ರೂಮಿನ ಬೀಗ ಮೂರನೇ ಏಟಿಗೆ ಉದುರಿತು.

ಒಳಗೆ ಧೂಳಿನ ಚಾಪೆ. ಕಿಟಕಿಯಿಂದ ಅರಳಿಸಸಿಯೊಂದು ಒಳನುಗ್ಗಿ ಗಣಿತದ ಕಪಾಟಿನ ತನಕ ಬಂದಿತ್ತು. ಮೂವತ್ತೆಂಟು ನಿತ್ಯ ಓದುಗರಲ್ಲಿ ಹನ್ನೆರಡು ಮಂದಿ ಹಿಂದೆಯೇ ಬಂದು, ಓಹೋ, ಇಷ್ಟು ದೊಡ್ಡ ರೂಮಾ ಎಂದು ಬೆರಗಾಗಿ ನಿಂತರು.

"ಭೂವಿಜ್ಞಾನ ಯಾವ ಸಾಲು?" ಎಂದು ಕೇಳಿದಳು ಹೇಮಶ್ರೀ.

"ಸಾಲು ಎಲ್ಲಾ ಇಲ್ಲ ಮೇಡಂ. ನಂಬರ್ ಚೀಟಿ ಜಿರಲೆ ತಿಂದ್ಹಾಕಿತ್ತು. ನಾನು ಎತ್ತರದ ಪ್ರಕಾರ ಜೋಡಿಸಿದೀನಿ. ಸ್ಕೂಲಲ್ಲಿ ಪ್ರೇಯರ್‌ಗೆ ನಿಲ್ಸಲ್ವಾ, ಹಂಗೆ. ಗಿಡ್ಡವು ಮುಂದೆ, ಉದ್ದನೆಯವು ಹಿಂದೆ." ದಾಸಪ್ಪ ಮಲ್ಲಿಕಾರ್ಜುನಯ್ಯನವರ ಕಡೆ ತಿರುಗಿದ. "ನಿಮ್ಮ ಪುಸ್ತಕ ಎಷ್ಟು ಎತ್ತರ ಇರುತ್ತೆ ಸಾರ್?"

"ನಾನು ಅದನ್ನ ನೋಡೇ ಇಲ್ವಲ್ಲಯ್ಯಾ!"

ಗಿಡ್ಡದಿಂದಲೇ ಶುರು ಮಾಡಿದರು. 'ಎಮ್ಮೆ ಹಾಲಿನ ಸಾಂದ್ರತಾ ಕೋಷ್ಟಕಗಳು, ಸಂಪುಟ ಮೂರು' ಸಿಕ್ಕಿತು. 'ಸೇರು ಮರೆಯಿರಿ, ಕಿಲೋ ಕಲಿಯಿರಿ' ಸಿಕ್ಕಿತು. ಲಾಗರಿದಮ್ ಕೋಷ್ಟಕ, ಅದರ ತಿದ್ದುಪಡಿ, ಆ ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ ಸಿಕ್ಕವು. ಗಂಟೆ ಒಂದಾಯಿತು. ಮಫ್ಲರಿನವರು ಹಪ್ಪಳದ ತೇವಾಂಶದ ಬಗ್ಗೆ ಒಂದು ವರದಿ ಹಿಡಿದು ಹೊಸ ಕುರ್ಚಿ ಎಳೆದುಕೊಂಡು ಕೂತವರು ಮತ್ತೆ ಏಳಲೇ ಇಲ್ಲ.

ಮಲ್ಲಿಕಾರ್ಜುನಯ್ಯನವರ ಕೈಗೂ ಒಂದು ಸಿಕ್ಕಿತು. 'ಗಾಜಿನ ಬಳೆಗಳ ಭಂಗುರತೆ: ಪ್ರಾಯೋಗಿಕ ಅಧ್ಯಯನ.' ಅದರಲ್ಲಿ ನಾನ್ನೂರ ಮೂವತ್ತೆರಡು ಬಳೆಗಳನ್ನು ಒಂದೊಂದಾಗಿ ಒಂದು ಮೀಟರ್ ಎತ್ತರದಿಂದ ಬೀಳಿಸಿ, ಎಷ್ಟು ಚೂರಾದವು ಎಂದು ಎಣಿಸಿ ಬರೆದಿದ್ದರು. ಬಳೆ ಒದಗಿಸಿದ ಬಳೇಪೇಟೆಯ ವರ್ತಕರಿಗೆ ಕೃತಜ್ಞತೆ ಎಂದು ಕೊನೆಯಲ್ಲಿ ಅವರ ಅಪ್ಪನ ಹೆಸರು ಅಚ್ಚಾಗಿತ್ತು. ಸರ್ಕಾರದವರು ಬಂದು ಮೂರು ಗ್ರೋಸ್, ಅಂದರೆ ಮೂವತ್ತಾರು ಡಜನ್ ಬಳೆ ಒಟ್ಟಿಗೆ ಕೊಂಡುಹೋದರು, ಯಾರದೋ ದೊಡ್ಡ ಮದುವೆ ಇದ್ದಿರಬೇಕು ಎಂದು ಅಪ್ಪ ಸಾಯುವ ತನಕ ಹೆಮ್ಮೆಯಿಂದ ಹೇಳುತ್ತಿದ್ದರು. ಅಷ್ಟನ್ನೂ ಒಡೆದುಹಾಕಿದ್ದರು! ಮಲ್ಲಿಕಾರ್ಜುನಯ್ಯನವರಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಅದನ್ನೇ ಓದುತ್ತ ಮುಕ್ಕಾಲು ಗಂಟೆ ಕಳೆದುಹೋದದ್ದು ಅವರಿಗೆ ಗೊತ್ತಾಗಲಿಲ್ಲ.

ಮೂರು ಗಂಟೆಗೆ ಉದ್ದನೆಯವುಗಳ ಸಾಲಿನಲ್ಲಿ ಹೇಮಶ್ರೀ ಕೂಗಿದಳು. "ಸಿಕ್ತು! ಬೆಂಗಳೂರು ನಗರ ಅಂತರ್ಜಲ ಸಮೀಕ್ಷೆ, ಸಾವಿರದ ಒಂಬೈನೂರ ಎಪ್ಪತ್ತೊಂದು!" ಭಾಗ ಒಂದು ಮಲ್ಲೇಶ್ವರ. ಭಾಗ ಎರಡು ಬಸವನಗುಡಿ. ಭಾಗ ಮೂರು ಪೇಟೆ. ಚಾಮರಾಜಪೇಟೆಯ ಭಾಗ ನಾಲ್ಕು ಇರಬೇಕಾದಲ್ಲಿ ಬಿದ್ದುಹೋದ ಹಲ್ಲಿನ ಹಾಗೆ ಒಂದು ಸಂದು.

ಕಪಾಟಿನ ಹಿಂದೆ ನೋಡಿದರು, ಮೇಲೆ ನೋಡಿದರು, ಅರಳಿಸಸಿಯ ಬುಡದಲ್ಲೂ ನೋಡಿದರು. ನಾಲ್ಕು ಗಂಟೆಗೆ ಮಲ್ಲಿಕಾರ್ಜುನಯ್ಯ ಸೋತು ಕೆಳಗಿಳಿದು ಬಂದು ಕೌಂಟರಿಗೆ ಒರಗಿದರು. ದಾಸಪ್ಪ ಆಗ ನೀರು ಕುಡಿಯಲು ಎದ್ದಿದ್ದ. ಅವನ ಖಾಲಿ ಕುರ್ಚಿಯ ಮೇಲೆ, ಹಳೇ ಟವೆಲಿನ ಕೆಳಗೆ, ದಪ್ಪ ಪುಸ್ತಕವೊಂದರ ನೀಲಿ ರಟ್ಟು ಕಂಡಿತು.

"ದಾಸಪ್ಪ, ನೀವು ಯಾತರ ಮೇಲೆ ಕೂತ್ಕೊಳ್ತೀರ?"

"ಕೌಂಟರ್ ಎತ್ತರ, ಕುರ್ಚಿ ತಗ್ಗು ಸಾರ್. ಅದಕ್ಕೆ ಒಂದು..." ದಾಸಪ್ಪ ಅಲ್ಲಿಗೇ ನಿಲ್ಲಿಸಿದ.

ಹನ್ನೊಂದು ವರ್ಷ ದಾಸಪ್ಪನ ಭಾರ ಹೊತ್ತು ಭಾಗ ನಾಲ್ಕು ನಡುವೆ ತಗ್ಗಾಗಿತ್ತು. ಆದರೆ ಅಕ್ಷರ ಅಳಿಸಿರಲಿಲ್ಲ. ಪುಟ ಎಂಬತ್ತಾರರಲ್ಲಿ ಬಂಡಿಮನೆ ಓಣಿ. ಮಲ್ಲಿಕಾರ್ಜುನಯ್ಯನವರ ಬೆರಳು ಸಾಲಿನ ಮೇಲೆ ಹರಿಯಿತು. 'ಮನೆ ನಂ. 14, ಮುಂಭಾಗದ ಅಂಗಳ: ನೂರೆಂಬತ್ತು ಅಡಿಗೆ ಹೇರಳ ನೀರು. ಓಣಿಯ ಉಳಿದೆಲ್ಲ ಮನೆಗಳು: ಕರಿಬಂಡೆ. ಕೊರೆಯುವುದು ವ್ಯರ್ಥ.'

ಹದಿನಾಲ್ಕು! ಅಂಜನಪ್ಪನ ಗ್ರಾನೈಟು ಗೇಟಿನ ಮೇಲೆ ಚಿನ್ನದ ಬಣ್ಣದಲ್ಲಿ ಹೊಳೆಯುವ ಹದಿನಾಲ್ಕು! ಮಲ್ಲಿಕಾರ್ಜುನಯ್ಯ ಇಪ್ಪತ್ತೇಳು. ಕರೆಂಟು ಬಿಲ್ಲಿನಲ್ಲಿ ಇಪ್ಪತ್ತೇಳು, ಆಧಾರ್ ಕಾರ್ಡಿನಲ್ಲಿ ಇಪ್ಪತ್ತೇಳು. ಮನುಷ್ಯನಿಗೆ ಬೇಕಾದದ್ದೇ ಕಣ್ಣೆದುರು ಬಂದರೆ ಅದರಾಚೆ ನೋಡುವ ವ್ಯವಧಾನ ಯಾರಿಗಿರುತ್ತದೆ? ಅವರು ದಾಸಪ್ಪನನ್ನು ತಬ್ಬಿಕೊಂಡೇಬಿಟ್ಟರು.

"ಇದನ್ನ ಕೊಡಿ ಮೇಡಂ, ಒಂದು ಗಂಟೆ."

"ಪರಾಮರ್ಶನ ಗ್ರಂಥ, ಹೊರಗೆ ಕೊಡೋ ಹಾಗಿಲ್ಲ ಸಾರ್. ಸಿಬ್ಬಂದಿ ಸಮಕ್ಷಮದಲ್ಲೇ ಓದ್ಬೇಕು." ಹೇಮಶ್ರೀ ಒಂದು ಕ್ಷಣ ಯೋಚಿಸಿದಳು. ಹನ್ನೊಂದು ವರ್ಷದಲ್ಲಿ ಈ ವಿಭಾಗಕ್ಕೆ ಬಂದ ಮೊದಲನೇ ನಿಜವಾದ ಓದುಗ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ. "ಆದ್ರೆ ಸಿಬ್ಬಂದಿ ಎಲ್ಲಿರ್ಬೇಕು ಅಂತ ನಿಯಮದಲ್ಲಿ ಬರ್ದಿಲ್ಲ. ದಾಸಪ್ಪ, ರಿಜಿಸ್ಟರ್ ತಗೊಳ್ಳಿ."

ಹೀಗೆ ಮುಂದಿನ ಆಟೋದಲ್ಲಿ ಹೇಮಶ್ರೀ, ದಾಸಪ್ಪ, ಭಾಗ ನಾಲ್ಕು ಮತ್ತು ಮಲ್ಲಿಕಾರ್ಜುನಯ್ಯ, ಹಿಂದಿನ ಎರಡು ಆಟೋಗಳಲ್ಲಿ ನಿತ್ಯ ಓದುಗರು ಚಾಮರಾಜಪೇಟೆಗೆ ಹೊರಟರು. ಹಪ್ಪಳದ ವರದಿ ಹಿಡಿದ ಮಫ್ಲರಿನವರು ಮಾತ್ರ ಬರಲಿಲ್ಲ.

ಇತ್ತ ಓಣಿಯಲ್ಲಿ ಏನಾಗಿತ್ತೆಂದು ಈಗಲೇ ಹೇಳಿಬಿಡುತ್ತೇನೆ, ಮಲ್ಲಿಕಾರ್ಜುನಯ್ಯನವರಿಗೆ ಗೊತ್ತಿಲ್ಲದಿದ್ದರೂ ನಿಮಗೆ ಗೊತ್ತಿರಲಿ. ಶೈಲಜಮ್ಮ ಗಂಡ ಹೇಳಿದಂತೆ ಉಯ್ಯಾಲೆಯ ಮೇಲೆ ಕೂತಿದ್ದು ಐದು ನಿಮಿಷ. ಆಮೇಲೆ ಎದ್ದು, ಶೀನಣ್ಣನನ್ನು ಒಳಗೆ ಕರೆದು, ಎಲೆ ಹಾಕಿ, ಎಣ್ಣೆಗಾಯಿ, ಅಕ್ಕಿರೊಟ್ಟಿ, ಮೇಲೆ ಎರಡು ಹೋಳಿಗೆ ಬಡಿಸಿದರು. ಅವನು ಮೂರನೆಯದಕ್ಕೆ ಎಲೆ ನೋಡಿದಾಗ, "ಇನ್ನೊಂದ್ಸಲ ಕಾಯಿ ಹಿಡ್ಕೊಂಡ್ ನೋಡಪ್ಪಾ, ಎದುರು ಸಾಲಲ್ಲಿ," ಎಂದಷ್ಟೇ ಅಂದರು. ಶೀನಣ್ಣ ಕೈತೊಳೆದು, ಕಾಯಿ ಹಿಡಿದು ನಡೆದ. ಅಂಜನಪ್ಪನ ಅಂಗಳದ ನಟ್ಟನಡುವೆ ಕಾಯಿ ಎದ್ದು ನಿಂತಿತು.

"ಬೆಳಿಗ್ಗೆ ಅಲ್ಲಿ ನಿಂತಿತ್ತಲ್ಲೋ!" ಎಂದು ಅಂಜನಪ್ಪ ಹಾರಾಡಿದ.

"ಬಿಸಿಲೇರಿದ ಮೇಲೆ ನೀರು ಜರುಗುತ್ತೆ ಸಾರ್," ಎಂದ ಶೀನಣ್ಣ ಗಂಭೀರವಾಗಿ.

ಬೆಳಿಗ್ಗೆ ಕಾಯಿಯ ಮಾತೇ ವೇದವಾಕ್ಯ ಎಂದವನು ಮಧ್ಯಾಹ್ನ ಇಲ್ಲವೆನ್ನುವುದು ಹೇಗೆ? ಓಣಿಯೆಲ್ಲ ನೋಡುತ್ತಿತ್ತು. ಅಂಜನಪ್ಪ ಹಲ್ಲು ಕಡಿಯುತ್ತ ಮೂರು ಕಾರನ್ನೂ ಹೊರಗೆ ನಿಲ್ಲಿಸಿದ. ಐದಕ್ಕೆ ಐದು ನಿಮಿಷವಿರುವಾಗ ಬೋರ್ ಲಾರಿ ಬಂದು ಅವನ ಗೇಟಿಗೆ ಹಿಂಬದಿ ತಿರುಗಿಸಿ ನಿಂತಿತ್ತು. ಶೈಲಜಮ್ಮ ಜಗಲಿಯಲ್ಲಿ ಸಮಾಧಾನವಾಗಿ ಹೂ ಕಟ್ಟುತ್ತಿದ್ದರು.

ಸರಿಯಾಗಿ ಆಗ ಮೂರು ಆಟೋ ಓಣಿಗೆ ನುಗ್ಗಿದವು.

"ನಿಲ್ಲಿಸಿ! ನಿಲ್ಲಿಸಿ!" ಮಲ್ಲಿಕಾರ್ಜುನಯ್ಯ ಭಾಗ ನಾಲ್ಕನ್ನು ತಲೆಯ ಮೇಲೆ ಎತ್ತಿ ಹಿಡಿದು ಓಡಿಬಂದರು. "ಯಾರೂ ಏನೂ ಕೊರೀಬೇಡಿ!"

ಶೈಲಜಮ್ಮ ಹೂವು ಬಿಟ್ಟು ಧಡಕ್ಕನೆ ಎದ್ದರು. ಕಣ್ಣು ಅಗಲಿಸಿದರು. ತುಟಿಯ ಮೇಲೆ ಬೆರಳಿಟ್ಟರು. ಲಾರಿಯ ಕಡೆ ಕೈ ತೋರಿಸಿ, ಬೇಡ ಬೇಡ ಎಂದು ತಲೆಯಾಡಿಸಿದರು. ಪಾಪ, ಬೆಳಿಗ್ಗೆಯಿಂದ ಕೂತು ಕೂತು ತಲೆಸುತ್ತು ಬಂದಿದೆ ಎಂದುಕೊಂಡರು ಮಲ್ಲಿಕಾರ್ಜುನಯ್ಯ.

"ಬಂದ್ಬಿಟ್ಟೆ ಕಣೇ! ಗೆದ್ದೆ!"

"ರೀ, ಸುಮ್ನೆ ಒಳಗೆ ಬನ್ನಿ, ಕಾಫಿ ಆರ್ತಿದೆ."

"ಕಾಫಿ ಆಮೇಲೆ! ಅಂಜನಪ್ಪನೋರೇ, ಇಗೋ ಗೌರ್ಮೆಂಟ್ ಪುಸ್ತಕ. ಇಗೋ ಸೀಲು. ಇಗೋ ಲೈಬ್ರರಿ ಮೇಡಮ್ಮು, ಸಾಕ್ಷಿ. ಬೆಳಿಗ್ಗೆ ಏನಂದ್ರಿ? ಪುಸ್ತಕ ತಂದ್ರೆ ಕೇಳ್ತೀನಿ ಅಂದ್ರಿ ತಾನೇ?"

ಅಂಜನಪ್ಪ ಸೈಟು ವ್ಯಾಪಾರದ ಮನುಷ್ಯ. ಬಾಗಿಲು ಒಂದಿಂಚು ತೆರೆದರೂ ಕಾಲು ತೂರಿಸುವವನು. ಹೇಗೂ ತನ್ನ ಗ್ರಾನೈಟು ಹೋಗುವುದರಲ್ಲಿತ್ತು, ಪುಸ್ತಕದಲ್ಲಿ ಬೇರೇನಾದರೂ ಇದ್ದರೆ ಲಾಭವೇ. "ಅಂದ್ರೆ ಕಾಯಿ ಮಾತು ರದ್ದು ಅಂತೀರಾ? ಪುಸ್ತಕದಲ್ಲಿರೋದೇ ಕೊನೇ ಮಾತಾ?"

"ಪುಸ್ತಕದಲ್ಲಿರೋದೇ ಕೊನೇ ಮಾತು! ನಮ್ಮಪ್ಪನ ಹಲಗೆ ಮೇಲಾಣೆ! ಎಲ್ಲರೂ ಒಪ್ತೀರೇನ್ರಪ್ಪಾ?"

ಓಣಿಯೆಲ್ಲ ಒಪ್ಪಿತು. ಶೈಲಜಮ್ಮ ಹಣೆ ಚಚ್ಚಿಕೊಂಡರು. ಹೇಮಶ್ರೀ ಪುಟ ಎಂಬತ್ತಾರನ್ನು ಪಾಠ ಹೇಳುವ ಧಾಟಿಯಲ್ಲಿ ಓದಿದಳು. ಹದಿನಾಲ್ಕು ಎಂಬಲ್ಲಿಗೆ ಬಂದಾಗ ಅಂಜನಪ್ಪನ ಮುಖ ಇನ್ನೂ ಸಣ್ಣಗಾಯಿತು. ಕಾಯಿಯೂ ಅವನದೇ ಮನೆ, ಸರ್ಕಾರವೂ ಅವನದೇ ಮನೆ! ಲಾರಿಯವನು ಇಂಜಿನ್ ಶುರು ಮಾಡಿದ. ಶೈಲಜಮ್ಮನ ಹೋದ ಜೀವ ಬಂತು. ಮಲ್ಲಿಕಾರ್ಜುನಯ್ಯ ಗೆದ್ದ ಪೈಲ್ವಾನನಂತೆ ನಡೆದು ಹೋಗಿ ಉಯ್ಯಾಲೆಯ ಮೇಲೆ ಕೂತು, ಕಾಲಿನಿಂದ ನೆಲವನ್ನು ಒಂದು ಸಲ ಒದ್ದರು. ಸರಪಳಿ ಕಿರ್ರೆಂದಿತು. ಆ ದಿನದ ಸುಖವೆಂದರೆ ಅದೊಂದೇ, ಎಣಿಸಿದಂತೆ ನಾಲ್ಕು ಜೀಕು.

"ಈಗ್ಲಾದ್ರೂ ಕೇಳ್ತೀಯೇನೋ ಮಲ್ಲಿ?" ಕೋಲೂರಿಕೊಂಡು ತಿಮ್ಮಕ್ಕ ಜಗಲಿಗೆ ಬಂದು ಮೆಟ್ಟಿಲ ಮೇಲೆ ಕೂತರು.

"ಹೇಳಿ ತಿಮ್ಮಕ್ಕ, ಈಗ ಎಷ್ಟು ಬೇಕಾದ್ರೂ ಹೇಳಿ," ಎಂದರು ಮಲ್ಲಿಕಾರ್ಜುನಯ್ಯ ಧಾರಾಳವಾಗಿ.

"ಜೀಪ್ನೋರು ಬಂದಾಗ ನೀನು ಸ್ಕೂಲಿಗೆ ಹೋಗಿದ್ದೆ. ಬಿಸಿಲು ಅಂದ್ರೆ ಬಿಸಿಲು. ನಿಮ್ಮಮ್ಮ ಅವರಿಗೆ ಮಜ್ಜಿಗೆ ಕೊಟ್ಟು, ಇಲ್ಲೇ ಕೂರಿಸಿದ್ಲು, ಇದೇ ಅಂಗಳದಲ್ಲಿ. ಅವರು ಮೊಳೆ ಹೊಡೆದು ನೋಡಿ, ಅಮ್ಮಾ, ನಿಮ್ಮ ಕಾಲಡಿ ಗಂಗೆ ಇದಾಳೆ ಅಂತ ಹೇಳಿ, ನಂಬರ್ ಬರ್ಕೊಂಡ್ ಹೋದ್ರು. ನಿಮ್ಮಪ್ಪ ಆ ಖುಷಿಗೇ ನಂಬರನ್ನ ಕಲ್ಲಲ್ಲಿ ಕೆತ್ತಿಸಿದ್ದು."

ಉಯ್ಯಾಲೆ ನಿಧಾನವಾಯಿತು.

"ಆದ್ರೆ ಪುಸ್ತಕದಲ್ಲಿ ಹದಿನಾಲ್ಕು ಅಂತಿದೆ ತಿಮ್ಮಕ್ಕ. ಅದು ಅಂಜನಪ್ಪನ ಮನೆ."

"ಎಪ್ಪತ್ತೊಂದರಲ್ಲಿ ಅಂಜನಪ್ಪನ ಮನೆ ಎಲ್ಲಿತ್ತೋ? ಅಲ್ಲಿದ್ದಿದ್ದು ಎಮ್ಮೆ ಕೊಟ್ಟಿಗೆ. ಎಮ್ಮೆಗೆ ಯಾರು ನಂಬರ್ ಕೊಡ್ತಾರೆ? ಅವನ ಹದಿನಾಲ್ಕು ಆಮೇಲೆ ಬಂದಿದ್ದು, ನಂಬರೆಲ್ಲಾ ಬದಲಾಯಿಸಿದಾಗ."

ತಿಮ್ಮಕ್ಕನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಮಾತು ಯಾವಾಗಲೂ ಜೋರು. ಲಾರಿಯ ಇಂಜಿನ್ನಿನ ಮೇಲೂ ಅದು ಓಣಿಯ ಈ ತುದಿಯಿಂದ ಆ ತುದಿಗೆ ಕೇಳಿಸಿತು. ಎಲ್ಲರೂ ಮಲ್ಲಿಕಾರ್ಜುನಯ್ಯನವರ ಗೇಟಿನ ಕಂಬದ ಕಡೆ ತಿರುಗಿದರು. ಕೆಳಗೆ ಅಂಗೈಯಗಲದ ತಗಡಿನಲ್ಲಿ 27. ಅದರ ಮೇಲೆ, ಕುಂಕುಮ ಹಚ್ಚಿದ ಕಲ್ಲಿನಲ್ಲಿ, ಎರಡು ಗೇಣು ಎತ್ತರಕ್ಕೆ, ಅಪ್ಪ ಕೆತ್ತಿಸಿದ 14. ಮಲ್ಲಿಕಾರ್ಜುನಯ್ಯ ಹುಟ್ಟಿದಾಗಿನಿಂದ ದಿನಾ ಹಾಯ್ದು ಹೋಗುತ್ತಿದ್ದ ಕಂಬ ಅದು. ಕೊರಿಯರಿನವರಿಗೆಲ್ಲ ಕಂಡದ್ದು ಪುಸ್ತಕ ನೋಡುವಾಗ ಅವರೊಬ್ಬರಿಗೇ ನೆನಪಾಗಿರಲಿಲ್ಲ.

"ಪುಸ್ತಕದಲ್ಲಿರೋದೇ ಕೊನೇ ಮಾತು!" ಎಂದು ಅಂಜನಪ್ಪ ಕುಣಿದಾಡಿಬಿಟ್ಟ. "ಡ್ರೈವರ್! ಗಾಡಿ ಆ ಕಡೆ ತಿರುಗ್ಸಪ್ಪಾ!"

"ನಾನು ಹೋಳಿಗೆ ಹಾಕಿ ದಾಟಿಸಿದ್ದೆನಲ್ರೀ ಅದನ್ನ!" ಎಂದು ಶೈಲಜಮ್ಮ ಗಂಡನ ಮುಂದೆ ನಿಂತು ಅತ್ತೇಬಿಟ್ಟರು. ಆಗ ಮಾತ್ರ ಮಲ್ಲಿಕಾರ್ಜುನಯ್ಯನವರಿಗೆ ಆ ದಿನ ಏನೇನು ನಡೆಯಿತೆಂದು ಪೂರ್ತಿ ತಿಳಿಯಿತು. ಅವರು ಉಯ್ಯಾಲೆಯಿಂದ ಇಳಿದರು. ಶೀನಣ್ಣನೋ, ಬೆಳಿಗ್ಗೆ ಕಾಯಿ ಹೇಳಿದ್ದೂ ಇದನ್ನೇ ಅಲ್ಲವಾ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಕಾಂಪೌಂಡು ಐದು ನಿಮಿಷಕ್ಕೆ ಹೋಯಿತು, ಮಾಡು ಹತ್ತು ನಿಮಿಷಕ್ಕೆ. ಸರಪಳಿ ಬಿಚ್ಚಿ ಹಲಗೆಯನ್ನು ಬೀದಿಬದಿಗೆ ತಂದಿಟ್ಟವನು ದಾಸಪ್ಪನೇ. ದೀಪ ಹಚ್ಚುವ ಹೊತ್ತಿಗೆ, ಪುಸ್ತಕ ಹೇಳಿದಂತೆ ಸರಿಯಾಗಿ ನೂರೆಂಬತ್ತನೇ ಅಡಿಗೆ, ಕೆಸರುನೀರು ಭುಸ್ಸೆಂದು ಮೇಲಕ್ಕೆ ಚಿಮ್ಮಿತು. ಓಣಿಯ ಜನ ಬಿಂದಿಗೆ ಬಕೆಟ್ಟು ಹಿಡಿದು ಕೇಕೆ ಹಾಕಿದರು. ನಿತ್ಯ ಓದುಗರು ಪಂಚೆ ಎತ್ತಿಕಟ್ಟಿಕೊಂಡು ಚಪ್ಪಾಳೆ ತಟ್ಟಿದರು. ಅಂಜನಪ್ಪ ಎಲ್ಲರಿಗೂ ಜಿಲೇಬಿ ಹಂಚಿದ.

ಮಲ್ಲಿಕಾರ್ಜುನಯ್ಯ ಬೀದಿಬದಿಯಲ್ಲಿ ಅಪ್ಪನ ಹಲಗೆಯ ಮೇಲೆ, ನೆಲದಲ್ಲೇ, ಮೈಯೆಲ್ಲ ಕಲ್ಲುಹುಡಿ ಮೆತ್ತಿಕೊಂಡು ಕೂತಿದ್ದರು. ಹೇಮಶ್ರೀ ಬಂದು ಮೆಲ್ಲಗೆ ರಿಜಿಸ್ಟರ್ ಮುಂದಿಟ್ಟಳು. "ಬೇಜಾರ್ ಮಾಡ್ಕೋಬೇಡಿ ಸಾರ್. ಕೊನೇ ಎರಡು ಅಂಕಣ ಖಾಲಿ ಬಿಟ್ಟಿದೀರ. ಇವತ್ತಿಂದ ಇದನ್ನ ಸರಿಯಾಗಿ ತುಂಬಿಸ್ಬೇಕು."

'ಪ್ರಕಟಣೆಯಿಂದ ಸಾರ್ವಜನಿಕರಿಗೆ ಪ್ರಯೋಜನವಾಯಿತೇ?' ಎಂದಿತ್ತು ಮೊದಲನೆಯದು. ಮಲ್ಲಿಕಾರ್ಜುನಯ್ಯ ತುಂಬಿ ಹರಿಯುತ್ತಿದ್ದ ಬಿಂದಿಗೆಗಳನ್ನು ನೋಡಿದರು, ತಮ್ಮ ಜಗಲಿ ಇದ್ದ ಜಾಗವನ್ನು ನೋಡಿದರು. ನಿಟ್ಟುಸಿರುಬಿಟ್ಟು 'ಹೌದು' ಎಂದು ಬರೆದರು.

ಎರಡನೆಯದು ವಿಳಾಸ. ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು.

"ಎರಡು ನಂಬರೂ ಹಾಕಿ ಸಾರ್," ಎಂದ ದಾಸಪ್ಪ ಜಿಲೇಬಿ ಕಡಿಯುತ್ತ. "ಒಂದೇ ಹಾಕಿದ್ರೆ ಆಮೇಲೆ ಯಾರಿಗಾದ್ರೂ ಕನ್‌ಫ್ಯೂಸ್ ಆಗುತ್ತೆ."